ನಿಮ್ಮ ಬಚ್ಚಲಿನ ಚಿಲಕದ ವಿಚಾರ

ಮಾನಸಿಕ ಆರೋಗ್ಯ ಇಲಾಖೆಯ ನಿರ್ದೇಶಕರಿಗೆ,

ಮಾನ್ಯರೇ,

ನಿಮ್ಮ ಆಸ್ಪತ್ರೆಯ ಹೆಂಗಸರ ವಾರ್ಡಿನಲ್ಲಿ ಒಂದು ಬಚ್ಚಲಿಗೂ ನೀವು ಒಳಚಿಲಕ ಹಾಕಿಸಿಲ್ಲ. ನನ್ನ ಅಕ್ಕ ಅಲ್ಲಿದ್ದಾಳೆ. ಶಾಲೆಯಲ್ಲಿ ಗಣಿತ ಕಲಿಸುತ್ತಿದ್ದವಳು, ಇಸ್ತ್ರಿ ಮಾಡದ ಸೀರೆ ಉಟ್ಟವಳಲ್ಲ. ಸೇರಿದ ಹೊಸತರಲ್ಲಿ ಅವಳು ಸ್ನಾನ ಮಾಡುತ್ತಿರುವಾಗಲೇ ನೆಲ ಒರೆಸುವವನು ಬಕೆಟ್ ಹಿಡಿದು ಒಳನುಗ್ಗಿದ. ಅವಳು ಕಿರುಚಿದಳು. ಕಿರುಚಿದ್ದಕ್ಕೆ ಇಂಜೆಕ್ಷನ್ ಕೊಟ್ಟರು. ಅವನಿಗೆ ಏನು ಕೊಟ್ಟರೋ ಗೊತ್ತಿಲ್ಲ.

ಅಂದಿನಿಂದ ಅಕ್ಕ ಸ್ನಾನ ಬಿಟ್ಟಳು. ನಿದ್ದೆ ಬರುತ್ತದೆ, ಊಟ ಸೇರುತ್ತದೆ, ಪಕ್ಕದ ಹಾಸಿಗೆಯ ಹುಡುಗಿಗೆ ಬೀಜಗಣಿತ ಹೇಳಿಕೊಡುತ್ತಾಳೆ. ಮನೆಗೆ ಕಳಿಸಿ ಎಂದರೆ ನಿಮ್ಮ ವೈದ್ಯರು ತಲೆಯಾಡಿಸುತ್ತಾರೆ: "ಸ್ನಾನಾನೇ ಮಾಡಲ್ಲ ಅಂತಾರಲ್ರೀ! ಮೈಮೇಲೆ ಗಮನ ಇಲ್ಲ ಅಂದ್ರೆ ಇನ್ನೂ ವಾಸಿಯಾಗಿಲ್ಲ ಅಂತಲೇ ಲೆಕ್ಕ." ಅಂದರೆ ನಾಚಿಕೆಯೂ ಈಗ ರೋಗಲಕ್ಷಣ. ನಾಚಿಕೆ ಬಿಟ್ಟವರೇ ಆರೋಗ್ಯವಂತರು ಎನ್ನುವುದಾದರೆ, ನಿಮ್ಮ ಇಡೀ ಕಚೇರಿ ಗಟ್ಟಿಮುಟ್ಟಾಗಿದೆ.

ನಾನು ಬಡಗಿ. ಹೊರಗಿನಿಂದಲೂ ತೆರೆಯಬಹುದಾದ ಚಿಲಕಗಳಿವೆ, ಪುಕ್ಕಟೆಯಾಗಿ ಹಾಕಿಕೊಡುತ್ತೇನೆ ಎಂದು ಅರ್ಜಿ ಕೊಟ್ಟೆ. "ರೋಗಿಗಳ ಸುರಕ್ಷತೆಯ ದೃಷ್ಟಿಯಿಂದ ಒಳಚಿಲಕಕ್ಕೆ ಅವಕಾಶವಿಲ್ಲ" ಎಂದು ಉತ್ತರ ಬಂತು. ಪಾಪ, ಸಾಹೇಬರಿಗೆ ಅಂಥ ಚಿಲಕದ ವಿಷಯ ತಿಳಿದಿಲ್ಲ ಎಂದುಕೊಂಡೆ. ಕಳೆದ ವಾರ ನಿಮ್ಮ ಮನೆಯಿಂದಲೇ ನನಗೆ ಕರೆ ಬಂತು.

ಅರ್ಜಿದಾರನೂ ಬಡಗಿಯೂ ಒಬ್ಬನೇ ಎಂದು ನಿಮಗೆ ಹೊಳೆಯಲಿಲ್ಲ. ಅರ್ಜಿ ಓದಿದ್ದರೆ ತಾನೇ ಹೊಳೆಯುವುದು? ನಿಮ್ಮ ತಾಯಿಯವರ ಬಚ್ಚಲಿನ ಚಿಲಕ ಬಿಗಿದುಕೊಂಡಿತ್ತು. ನೀವೇ ಪಕ್ಕದಲ್ಲಿ ನಿಂತು ಹೇಳಿದಿರಿ: "ಹುಷಾರು ಕಣಯ್ಯಾ, ಇದು ಬೇರೆ ಥರದ್ದು. ಅಮ್ಮ ಒಳಗೆ ಜಾರಿ ಬಿದ್ರೆ ಹೊರಗಿಂದ ಒಂದು ನಾಣ್ಯ ಇಟ್ಟು ತಿರುಗಿಸಿದ್ರೆ ಸಾಕು, ತೆರ್ಕೊಳ್ಳತ್ತೆ."

"ಸುರಕ್ಷತೆಗೆ ಅಂತ ಚಿಲಕಾನೇ ತೆಗೆದ್ಬಿಡಬಹುದಲ್ವಾ ಸಾರ್?" ಅಂದೆ.

"ಏನ್ ಮಾತಾಡ್ತೀಯಾ! ವಯಸ್ಸಾದ ಹೆಂಗಸು, ಮಾನ ಮರ್ಯಾದೆ ಬೇಡ್ವಾ?"

ಒಂದು ಕಣ್ಣಿಗೆ ಬೆಣ್ಣೆ, ಇನ್ನೊಂದು ಕಣ್ಣಿಗೆ ಸುಣ್ಣ! ನಿಮ್ಮ ಅಮ್ಮನಿಗೆ ಮಾನ, ನನ್ನ ಅಕ್ಕನಿಗೆ ಇಂಜೆಕ್ಷನ್. ಮನಸ್ಸಿಗೆ ಕಾಯಿಲೆ ಬಂದವಳಿಗೆ ಮೈ ಮುಚ್ಚಿಕೊಳ್ಳುವ ಹಕ್ಕಿಲ್ಲವೆಂದು ಯಾವ ಕಾನೂನು ಹೇಳುತ್ತದೆ? ಆ ಹೊತ್ತು ನನ್ನ ಕೈಯಲ್ಲಿ ಉಳಿ ಇತ್ತು, ಮೈಯೆಲ್ಲ ಉರಿಯುತ್ತಿತ್ತು. "ಬಿಸಿಲಲ್ಲಿ ಬಂದಿದ್ದೀಯಾ, ನೀರು ಕುಡೀತೀಯೇನಪ್ಪಾ?" ಎಂದು ಕೇಳಿದ ನಿಮ್ಮ ತಾಯಿಗೆ ನೀವು ಋಣಿಯಾಗಿರಬೇಕು.

ಅವರ ಚಿಲಕ ನೆಟ್ಟಗೆ ಮಾಡಿಕೊಟ್ಟೆ. "ಉಳಿದ ಬಾಗಿಲೂ ನೋಡ್ಬಿಡು" ಎಂದು ನೀವು ಫೋನಿಗೆ ಹೋದಿರಿ. ನಿಮ್ಮ ಸ್ವಂತ ಬಚ್ಚಲಿನಲ್ಲೂ ಅದೇ ಥರದ ಚಿಲಕವಿತ್ತು. ಬಿಚ್ಚಿ ಚೀಲಕ್ಕೆ ಹಾಕಿಕೊಂಡೆ. ಹೌದು, ಕದ್ದೆ. ಒಂದು ಕೈಯಲ್ಲಿ ಬಾಗಿಲು ಒತ್ತಿ ಹಿಡಿದು ನೀವು ಸ್ನಾನ ಮಾಡುತ್ತಿರುವುದನ್ನು ನೆನೆದರೆ ಹೊಟ್ಟೆ ತಣ್ಣಗಾಗುತ್ತದೆ. ಬೆನ್ನಿಗೆ ಸೋಪು ಎಟುಕುತ್ತಿದೆಯೇ? ಹೊರಗೆ ಹೆಜ್ಜೆ ಸಪ್ಪಳವಾದರೆ ಎದೆ ಧಸಕ್ಕೆನ್ನುತ್ತದೆಯೇ? ಕಿರುಚಬೇಡಿ, ಇಂಜೆಕ್ಷನ್ ಕೊಟ್ಟಾರು.

ಆ ಚಿಲಕ ಈಗ ವಾರ್ಡಿನ ಬಚ್ಚಲ ಬಾಗಿಲಲ್ಲಿದೆ. ಭೇಟಿಯ ಹೊತ್ತಿನಲ್ಲಿ ನಾನೇ ಕೂರಿಸಿದೆ. ಯಾರೂ ನೋಡಲಿಲ್ಲ, ನೋಡದವರೆಲ್ಲ ಸುತ್ತ ಕಾವಲು ನಿಂತಿದ್ದರು. ಅಕ್ಕ ಒಳಗೆ ಹೋಗಿ ಚಿಲಕ ಹಾಕಿಕೊಂಡಳು. ಎಷ್ಟೋ ಹೊತ್ತು ನೀರಿನ ಸದ್ದು ಕೇಳಿಸಿತು. ಹೊರಬಂದವಳೇ, "ತಲೆ ಒರೆಸೋಕೆ ಇನ್ನೊಂದು ಟವೆಲ್ ತರಬಾರದಿತ್ತೇನೋ, ಪೆದ್ದಾ?" ಎಂದು ಬೈದಳು. ನಾನು ಅಲ್ಲೇ ಅತ್ತುಬಿಟ್ಟೆ. ಅವಳ ಹಿಂದೆ ಟವೆಲ್ ಹಿಡಿದ ಹೆಂಗಸರ ಸಾಲು ಆಗಲೇ ನಿಂತಿತ್ತು.

ಇನ್ನು ಸ್ನಾನದ ನೆಪ ಹೇಳದೆ ಅವಳನ್ನು ಮನೆಗೆ ಕಳಿಸಿ. ನಿಮ್ಮ ಕೈಕೆಳಗಿನ ಪ್ರತಿ ಆಸ್ಪತ್ರೆಯ ಪ್ರತಿ ಬಚ್ಚಲಿಗೂ ಇಂಥ ಚಿಲಕ ಕಡ್ಡಾಯವೆಂದು ಆದೇಶ ಹೊರಡಿಸಿ. ಅಲ್ಲಿಯವರೆಗೆ ಈ ಊರಿನ ಒಬ್ಬ ಬಡಗಿಯೂ ನಿಮ್ಮ ಮನೆಗೆ ಕಾಲಿಡುವುದಿಲ್ಲ, ಎಲ್ಲರಿಗೂ ಹೇಳಿದ್ದೇನೆ. ಕಳವಿನ ದೂರು ಕೊಡುವುದಿದ್ದರೆ ಧಾರಾಳವಾಗಿ ಕೊಡಿ. ಮಾಲು ಗುರುತಿಸಲು ನೀವೇ ವಾರ್ಡಿಗೆ ಬರಬೇಕಾಗುತ್ತದೆ. ಬನ್ನಿ. ಬಾಗಿಲು ತಟ್ಟಿ, ಒಳಗಿದ್ದವರು ಸ್ನಾನ ಮುಗಿಸಿ ತೆರೆಯುವ ತನಕ ಹೊರಗೆ ನಿಂತಿರಿ.

ಇಂತಿ,
ಕಸುಬಿನಿಂದ ಬಡಗಿ, ತಮ್ಮ ಕೃಪೆಯಿಂದ ಕಳ್ಳ