ಹೆಗಲುಸೂತಕ

ಮಳೆಶಕೆ ನೂರಾ ಎಪ್ಪತ್ತು, ಹದಿಮೂರನೆಯ ತಿಂಗಳ ಹುಣ್ಣಿಮೆ
ತುಂಗಭದ್ರೆಯ ಹೊಸ ದಂಡೆ

ಮುಂದೊಂದು ದಿನ ನನ್ನ ಚಟ್ಟಕ್ಕೆ ಹೆಗಲು ಕೊಡಲಿರುವ ಮೊಮ್ಮಕ್ಕಳೇ, ಮರಿಮಕ್ಕಳೇ,

ನೀವಿನ್ನೂ ಹುಟ್ಟಿಲ್ಲ. ನಿಮ್ಮ ಕಾಲಕ್ಕೆ ನಮ್ಮ ಮಾತುಗಳು ಹಳಸಿದ್ದರೆ ಕ್ಷಮಿಸಿ, ಬಿಡಿಸಿ ಹೇಳುತ್ತೇನೆ.

ತಣಿಲೇಪವೆಂದರೆ ಭಂಗಿ ಸೊಪ್ಪನ್ನು ಎಳ್ಳೆಣ್ಣೆಯಲ್ಲಿ ಕುದಿಸಿ, ಜೇನುಮೇಣ ಬೆರೆಸಿ ಆರಿಸಿದ ಮುಲಾಮು. ಹಿಂದಿನವರು ಈ ಸೊಪ್ಪಿಗೆ ಹೆದರಿ, ಬೆಳೆದವರನ್ನು ಜೈಲಿಗೆ ಹಾಕುತ್ತಿದ್ದರಂತೆ. ನಮ್ಮಲ್ಲಿ ಅದರ ಡಬ್ಬಿ ಉಪ್ಪಿನ ಪಕ್ಕದಲ್ಲೇ ಇರುತ್ತದೆ. ಮಂಡಿ ಹಿಡಿದರೂ ಅದೇ, ಸೊಂಟ ಉಳುಕಿದರೂ ಅದೇ. ತಲೆಗೇರುವುದಿಲ್ಲ, ಸವರಿದ ಜಾಗದ ನೋವು ಮಾತ್ರ ಮಲಗುತ್ತದೆ. ಘಾಟು ಬಟ್ಟೆಗೆ ಹತ್ತಿದರೆ ಬೇಗ ಬಿಡದು.

ನೀರು, ಜೋಳ, ಇಟ್ಟಿಗೆ ಎಲ್ಲವನ್ನೂ ಈಗ ಹೊರೆಬಂಡಿಗಳು ತಾವೇ ಹೊತ್ತು ತರುತ್ತವೆ. ಮನುಷ್ಯರ ಹೆಗಲಿಗೆ ಉಳಿದಿರುವ ಭಾರ ಒಂದೇ, ಸತ್ತವರದು. ರೂಢಿಯಿಲ್ಲದ ಹೆಗಲು ಹಲವು ದಿನ ನೋಯುತ್ತದೆ. ಆ ನೋವಿರುವವರೆಗೆ ಸತ್ತವರು ಮನೆಯಲ್ಲೇ ಇರುತ್ತಾರೆಂದು ನಂಬಿಕೆ. ಹೊತ್ತವರು ಲೇಪ ಮುಟ್ಟುವಂತಿಲ್ಲ. ಇದೇ ಹೆಗಲುಸೂತಕ. ಎಲ್ಲರ ನೋವೂ ತಾನಾಗಿ ಹೋದ ದಿನ, ಅಲ್ಲಿಯವರೆಗೆ ಊಟ ಬಡಿಸುತ್ತಿದ್ದ ಸತ್ತವರ ತಟ್ಟೆಯನ್ನು ಬೋರಲು ಹಾಕುತ್ತಾರೆ.

ನನ್ನಪ್ಪ ಮಲಕಾಜಪ್ಪನನ್ನು ಮೂವರು ತಮ್ಮಂದಿರೂ ನಾನೂ ಹೊತ್ತೆವು. ಅಂದು ಸಂಜೆಯೇ, ಅಳುವ ಮಗಳನ್ನು ಎತ್ತಿಕೊಳ್ಳಲಾರದೆ, ಡಬ್ಬಿ ತೆಗೆದೆ. ನೋವು ಹೋಯಿತು. ಹೆತ್ತಪ್ಪನನ್ನು ಮೊದಲು ಮನೆಯಿಂದ ಕಳಿಸಿದವಳು ನಾನೇ ಎಂಬ ಸಂಕಟ ಮಾತ್ರ ಹೋಗಲಿಲ್ಲ, ಅದಕ್ಕೆ ಯಾವ ಲೇಪವೂ ಇಲ್ಲ. ತಮ್ಮಂದಿರಿಗೆ ಒಬ್ಬೊಬ್ಬರಾಗಿ ವಾಸಿಯಾಯಿತು. ಈಗ ಅವ್ವನಿಗೆ ಉಳಿದಿರುವುದು ನನ್ನ ಹೆಗಲೊಂದೇ. ದಿನಾ ಮುಂಜಾನೆ ಅದನ್ನು ಒತ್ತಿ, "ಇನ್ನೂ ನೋಯ್ತೈತೇನವಾ?" ಎಂದು ಕೇಳುತ್ತಾಳೆ. ನೋಯುತ್ತದೆ ಎನ್ನುತ್ತೇನೆ. ಅವಳು ಅಪ್ಪನ ತಟ್ಟೆಗೆ ಬಿಸಿ ರೊಟ್ಟಿ ಹಾಕುತ್ತಾಳೆ.

ಇಂದು ನಿಜ ಹೇಳಲೆಂದೇ ಎದ್ದೆ. ಅಂದು ತೊಟ್ಟಿದ್ದ ಕುಪ್ಪಸವನ್ನು ಮಂಚದಡಿ ಬಚ್ಚಿಟ್ಟು, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದಂತೆ, ಯಾರಿಗೂ ತಿಳಿಯದೆಂದು ನಂಬಿದ್ದೆ. ಅಂಗಳದಲ್ಲಿ ಅವ್ವ ಅದನ್ನೇ ಒಗೆಯುತ್ತಿದ್ದಳು. ಲೇಪದ ಘಾಟು ಬಾಗಿಲವರೆಗೂ ಬರುತ್ತಿತ್ತು. ಕೈ ಒರೆಸಿಕೊಂಡು ಬಂದವಳು ಎಂದಿನಂತೆ ನನ್ನ ಹೆಗಲು ಒತ್ತಿದಳು, ಆದರೆ ಏನೂ ಕೇಳಲಿಲ್ಲ. "ಅಷ್ಟು ಲಗೂನ ಹೋಗೂ ನೋವಲ್ಲ ಬಿಡವಾ ಇದು," ಎಂದು ರೊಟ್ಟಿ ಬಡಿಯಲು ಕುಳಿತಳು.

ನನ್ನನ್ನು ಹೊತ್ತ ಸಂಜೆ ನೀವು ಧಾರಾಳವಾಗಿ ಲೇಪ ಹಚ್ಚಿಕೊಳ್ಳಿ, ನನ್ನ ಅಪ್ಪಣೆಯಿದೆ. ಆದರೆ ಮನೆಯಲ್ಲಿ ಯಾರಾದರೂ ನನ್ನ ತಟ್ಟೆ ಹಿಡಿದು ಕಾಯುತ್ತಿದ್ದರೆ, ಅವರು ಕೇಳಿದಾಗ, ನೋಯುತ್ತಿದೆ ಎನ್ನಿ.

ಇಂತಿ ನಿಮ್ಮ ಭಾರ,
ಹೊಳೆವ್ವ