ಹಾಲಿನಲ್ಲಿ ಕರಗಿಸಿದ ಮಾತ್ರೆ

13-6-2025, ಶುಕ್ರವಾರ

ತಂಗಿ ಗೋವಿಂದಮ್ಮನಿಗೆ ಇವತ್ತು ಆಸ್ಪತ್ರೆಯಲ್ಲೇ ಬಾಯಿಗೆ ಬಂದ ಹಾಗೆ ಬೈದೆ. ಇನ್ನೂ ಕೋಪ ಇಳಿದಿಲ್ಲ.

ಅವಳ ಮಗ ವಾಸುವಿಗೆ ನೋವಿನ ಮಾತ್ರೆ ಅರೆದು ಸೂಜಿಯಲ್ಲಿ ಚುಚ್ಚಿಕೊಳ್ಳುವ ಚಟ. ಅದನ್ನು ಬಿಡಿಸಲು ಡಾಕ್ಟರು ಬೇರೆ ಮಾತ್ರೆ ಕೊಟ್ಟಿದ್ದರು. ನಾಲಿಗೆಯ ಕೆಳಗಿಟ್ಟು ಕರಗಿಸಬೇಕು, ಹೊಟ್ಟೆಗೆ ಹೋದರೆ ಸರಿಯಾಗಿ ಹಿಡಿಯುವುದಿಲ್ಲ. ಇವಳು ಕಹಿಯೆಂದು ವಾರವಿಡೀ ಬೆಲ್ಲದ ಹಾಲಿನಲ್ಲಿ ಕರಗಿಸಿ ಕುಡಿಸಿದ್ದಾಳೆ! ಅವನು ಬೆವರಿ ಒದ್ದಾಡಿದರೆ ನಾಟಕ ಎಂದುಕೊಂಡೆವು. ಇವತ್ತು ಮತ್ತೆ ಚುಚ್ಚಿಕೊಂಡು ಮೂಕಂಡಪಲ್ಲಿಯ ಒಂದು ಶೆಡ್ಡಿನ ಹಿಂದೆ ಬಿದ್ದಿದ್ದ. ತುಟಿ ನೀಲಿಯಾಗಿತ್ತು. ನಾನೇ ಎತ್ತಿ ಆಟೋಗೆ ಹಾಕಿದೆ.

ಬದುಕಿದ. ಆದರೆ ಡಾಕ್ಟರು ಕೊಟ್ಟ ಮಾತ್ರೆ ಇನ್ನು ಬೇಡವಂತೆ.

"ಅದು ನಂಗೆ ನಾಟಾಕಿಲ್ಲ ಮಾವ, ಬುಟ್ಬುಡು."

"ಹಾಲಲ್ಲಿ ಕುಡುದ್ರೆ ಹೆಂಗ್ಲಾ ನಾಟ್ತದೆ?" ಎಂದೆ. ಗೋಡೆಯ ಕಡೆ ತಿರುಗಿ ಮಲಗಿದ.

ಬರುವಾಗ ಬಸ್ಸಿನಲ್ಲಿ ಅವಳು ಕೇಳಿದಳು, "ನನ್ನಿಂದಾನೇ ಹಿಂಗಾಯ್ತಾ ಅಣ್ಣ?"

"ಹೂಂ ಕಣೆ, ನಿನ್ನಿಂದಾನೇ."

ಅಳಲಿಲ್ಲ. ಅತ್ತಿದ್ದರೆ ಇನ್ನಷ್ಟು ಬೈದು ಹಗುರಾಗುತ್ತಿದ್ದೆ. ಇಳಿಯುವವರೆಗೂ ನನ್ನ ತೋಳು ಹಿಡಿದುಕೊಂಡೇ ಕೂತಿದ್ದಳು.

ಬೆಳಿಗ್ಗೆ ಡಾಕ್ಟರು ಮತ್ತೆ ಮಾತ್ರೆ ಶುರು ಮಾಡುವ ಮಾತಾಡುತ್ತಾರಂತೆ. ಅವನು ಬಾಯಿ ತೆರೆಯಬೇಕಲ್ಲ. ತೆರೆಯದೆ ಹೋದರೆ ಇವಳಿಗೆ ನಾನು ಏನಂತ ಹೇಳಲಿ?