ಹಾಸಿಗೆ ಹಿಡಿಯದ ಮನೆತನ

ಪಾಲಬಾವಿ,
ಸಂಕ್ರಾಂತಿಯ ಮಾರನೆಯ ದಿನ, ೨೦೧೪

ಹಟಮಾರಿ ತಮ್ಮ ಕಾಡಸಿದ್ದನಿಗೆ ನಿನ್ನ ಅಕ್ಕ ಸೀತವ್ವನ ಆಶೀರ್ವಾದಗಳು.

ಎಳ್ಳುಬೆಲ್ಲ ಹಂಚಿ ಒಳ್ಳೆಯ ಮಾತಾಡಬೇಕಾದ ಹಬ್ಬದಲ್ಲಿ ನಿನ್ನನ್ನು ಬೈಯಲು ಕೂತಿದ್ದೇನೆ. ಫೋನಿನಲ್ಲಿ ಬೈಯೋಣವೆಂದರೆ ನೀನು "ಯಕ್ಕಾ, ರೇಂಜ್ ಇಲ್ಲ ಬೇ" ಎಂದು ಕಟ್ ಮಾಡುತ್ತೀಯ. ಚಿಂಚಲಿಯಲ್ಲಿ ರೇಂಜ್ ಹೋಗುವುದು ನಾನು ಫೋನ್ ಮಾಡಿದಾಗ ಮಾತ್ರ ಎಂಬುದು ನನಗೆ ಗೊತ್ತಿಲ್ಲವೇ? ನಾನೇ ಬಂದು ನಿನ್ನ ಕಿವಿ ಹಿಂಡುತ್ತಿದ್ದೆ, ಆದರೆ ಡಾಕ್ಟರು ಇನ್ನೂ ಪ್ರಯಾಣ ಬೇಡ ಎಂದಿದ್ದಾರೆ. ಅದಕ್ಕೇ ಈ ಕಾಗದ. ಇದನ್ನು ಕಟ್ ಮಾಡಲು ಬರುವುದಿಲ್ಲ. ಹರಿದು ಹಾಕಬಹುದು, ಹಾಕು. ಓದಿದ ಮೇಲೆ ಹರಿ.

ನಿನ್ನೆ ನೀಲಮ ಫೋನ್ ಮಾಡಿದ್ದಳು. ಅವಳ ಮೇಲೆ ಕಣ್ಣು ಕೆಂಪಗೆ ಮಾಡಬೇಡ. ಇಪ್ಪತ್ತೈದು ವರ್ಷದ ಸಂಸಾರದಲ್ಲಿ ಒಂದು ದಿನವೂ ನಿನ್ನ ಮೇಲೆ ದೂರು ಹೇಳದವಳು ನಿನ್ನೆ ದನದ ಕೊಟ್ಟಿಗೆಯಲ್ಲಿ ನಿಂತು ಪಿಸುಗುಟ್ಟಿದಳು. "ಅಕ್ಕಾರ, ಪಂಪಿನ ಮನಿತನಕ ಹೋಗೂದ್ರಾಗ ಎರಡ ಸಲ ಬದುವಿನ ಮ್ಯಾಲ ಕುಂದರತಾರ್ರಿ. ಇಂಥಾ ಥಂಡ್ಯಾಗ ಅಂಗಿ ತೊಯ್ಯೂಹಂಗ ಬೆವರತಾರ. ದವಡಿ ನೋಯಾಕತ್ತೈತಿ ಅಂತ ತಂಬಾಕ ಒತ್ತಿ ಇಟ್ಕೊಂಡಾರ. ಕೇಳಿದ್ರ ಪಿತ್ತ ಅಂತಾರ, ಸೋಡಾ ಕುಡಿತಾರ." ಅಷ್ಟರಲ್ಲಿ ನಿನ್ನ ಕೆಮ್ಮು ಕೇಳಿಸಿತು, ಅವಳು ಫೋನ್ ಇಟ್ಟಳು. ನಾನು ಆಮೇಲೆ ಊಟ ಮಾಡಲಿಲ್ಲ.

ಪಿತ್ತ! ನನಗೂ ದೀಪಾವಳಿಯಲ್ಲಿ ಆಗಿದ್ದು ಪಿತ್ತವೇ ಎಂದು ನೀನು ಊರ ತುಂಬ ಹೇಳಿಕೊಂಡು ಬಂದೆಯಂತೆ. ಕರಿಗಡಬು ಕರಿಯುತ್ತಿದ್ದವಳಿಗೆ ಬೆನ್ನಿನಲ್ಲಿ ಯಾರೋ ಮೊಳೆ ಹೊಡೆದಂತಾಗಿ, ದವಡೆ ಬಿಗಿದು, ನಾನು ಒಲೆಯ ಮುಂದೆಯೇ ಒರಗಿದೆ. ನಮ್ಮ ಮನೆಯವರು, ನಿಮ್ಮ ಮಾವ, ಹಿಂದೆ ಮುಂದೆ ನೋಡದೆ ಜೀಪಿಗೆ ಹಾಕಿಕೊಂಡು ಮಿರಜಕ್ಕೆ ಹೋದರು. ಎದೆಯ ರಕ್ತನಾಳ ಕಟ್ಟಿತ್ತು. ಅಲ್ಲೊಂದು ಸ್ಟೆಂಟ್ ಎಂಬ ಸಣ್ಣ ಜಾಳಿಗೆ ಕೂಡಿಸಿ ಕಳಿಸಿದರು. ನನ್ನನ್ನು ನೋಡಲು ಬಂದವನು ನೀನು ತಲೆಯ ಹತ್ತಿರ ಕೂತು ಮೆಲ್ಲಗೆ ಹೇಳಿದ ಮಾತು ಇದು: "ಯಕ್ಕಾ, ಯಾರ ಮುಂದೂ ಹಾರ್ಟಂತ ಅನಬ್ಯಾಡ. ಸ್ನೇಹಲಗ ವರ ನೋಡಾಕತ್ತೇವಿ. ಮನೆತನಕ್ಕ ರೋಗ ಐತಿ ಅಂದ್ರ ಯಾರ ತಗೋತಾರ?" ಆಗ ನನಗೆ ಸಿಟ್ಟು ಬರಲಿಲ್ಲ. ಹೆಣ್ಣು ಹೆತ್ತವನ ಸಂಕಟ ಎಂದುಕೊಂಡೆ. ಈಗ ಬರುತ್ತಿದೆ.

ನಮ್ಮ ಮನೆತನಕ್ಕೆ ರೋಗ ಇಲ್ಲ, ಹೌದು. ನಮ್ಮ ಮನೆತನಕ್ಕೆ ಇರುವುದು ಪುಣ್ಯ! ಅಜ್ಜ ದನಕ್ಕೆ ನೀರು ಕುಡಿಸುತ್ತ ತೊಟ್ಟಿಯ ಮೇಲೆ ಕೈಯೂರಿದವನು ಮತ್ತೆ ಏಳಲಿಲ್ಲ. ಬಾಳಾಸಾಬ ಕಾಕಾ ರಾಯಬಾಗದ ಬಸ್ಸಿನಲ್ಲಿ ಕಿಟಕಿಗೆ ತಲೆ ಕೊಟ್ಟು ಮಲಗಿದ್ದಾನೆ ಎಂದು ಕಂಡಕ್ಟರ್ ಎಬ್ಬಿಸಲು ಹೋದರೆ ಮೈ ತಣ್ಣಗಿತ್ತು. ಅಪ್ಪನನ್ನು ಬಾವಿಯ ಕಟ್ಟೆಗೆ ಒರಗಿ ಕೂತ ಹಾಗೆಯೇ ಎತ್ತಿ ತಂದರು. ಸುಣ್ಣ ಹಚ್ಚಿ ತಿಕ್ಕಿದ ತಂಬಾಕು ಅಂಗೈಯಲ್ಲಿ ಹಾಗೇ ಇತ್ತು, ಬಾಯಿಗೆ ಹಾಕಿಕೊಳ್ಳಲೂ ವೇಳೆ ಸಿಕ್ಕಿರಲಿಲ್ಲ. ಹೆಣದ ಮುಂದೆ ಕೂತ ಊರ ಹಿರಿಯರು ಏನಂದರು, ನೆನಪಿದೆಯೇ? "ಪುಣ್ಯವಂತ. ಒಂದ ದಿನಾ ಹಾಸಿಗಿ ಹಿಡೀಲಿಲ್ಲ. ಯಾರ ಕಡೆನೂ ನೀರ ಕೇಳಲಿಲ್ಲ." ಅಜ್ಜಿ ಆ ಮಾತನ್ನು ಹೆಮ್ಮೆಯಿಂದ ಸಾಯುವ ತನಕ ಹೇಳಿದಳು. ನಾವೂ ಹೇಳಿದೆವು. ಬೀಗರ ಮುಂದೆ, ಜಾತ್ರೆಗೆ ಬಂದವರ ಮುಂದೆ, ನಮ್ಮ ಎತ್ತುಗಳ ತಳಿಯ ಬಗ್ಗೆ ಹೇಳಿದ ಹಾಗೆ ಹೇಳಿದೆವು.

ಅವ್ವ ಮಾತ್ರ ಎಂದೂ ಹೇಳಲಿಲ್ಲ. ಒಮ್ಮೆ ಸಜ್ಜೆ ಹಸನು ಮಾಡುತ್ತ ನನ್ನ ಹತ್ತಿರ ಅಂದಿದ್ದಳು: "ಒಂದ ವಾರರ ಮಲಗಿದ್ರ ಅವರ ಕಾಲ ಒತ್ತತಿದ್ದೆ. ಮಾತಾಡೂದ ಭಾಳ ಉಳದಿತ್ತು." ಅವಳ ಮಾತಿಗೆ ನಾನೂ ಕಿವಿಗೊಡಲಿಲ್ಲ. ಪುಣ್ಯದ ಸಾವಿಗೆ ಹೆಂಡತಿಯ ದೂರು ಏನಿರುತ್ತದೆ ಎಂಬ ಮನೆ ನಮ್ಮದು.

ಮಿರಜದ ಡಾಕ್ಟರು ಕೇಳಿದರು, "ಮನ್ಯಾಗ ಯಾರಿಗರ ಹಾರ್ಟಿಂದು ತ್ರಾಸ ಇತ್ತೇನ್ರಿ ಬಾಯಿ?" ನಾನು, ಮೂಗಿಗೆ ನಳಿಕೆ ಸಿಕ್ಕಿಸಿಕೊಂಡು ಮಲಗಿದವಳು, ಆಗಲೂ ಜಂಬ ಬಿಡಲಿಲ್ಲ. "ಇಲ್ರಿ ಸಾಹೇಬ್ರ. ನಮ್ಮ ಮನೆತನದಾಗ ಯಾರೂ ಹಾಸಿಗಿನ ಹಿಡದಿಲ್ಲ. ನಿಂತನಿಂತಲ್ಲೇ ಹೋಗ್ಯಾರ" ಎಂದೆ. ಬರೆಯುತ್ತಿದ್ದವರು ಪೆನ್ನು ಕೆಳಗಿಟ್ಟರು. ಯಾರು ಯಾರು, ಎಷ್ಟನೆಯ ವಯಸ್ಸಿಗೆ ಎಂದು ಒಬ್ಬೊಬ್ಬರನ್ನೇ ಕೇಳಿದರು. ಅಜ್ಜ, ಕಾಕಾ, ಅಪ್ಪ. ಒಬ್ಬರೂ ಐವತ್ತು ದಾಟಿರಲಿಲ್ಲ. ಹೇಳುತ್ತ ಹೇಳುತ್ತ ನನ್ನ ಧ್ವನಿಯೇ ಸಣ್ಣದಾಯಿತು. ಕೊನೆಗೆ ಅವರು ಕೇಳಿದ್ದು ಇದೊಂದೇ: "ತಮ್ಮ ಅದಾನಂದ್ರಲ್ಲ, ಅವಂಗೆಷ್ಟ ವಯಸ್ಸ?"

ಬರುವ ಯುಗಾದಿಗೆ ನಿನಗೆ ನಲವತ್ತೆಂಟು ತುಂಬುತ್ತದೆ. ಅಪ್ಪ ಹೋದಾಗ ಅವನಿಗೂ ಅಷ್ಟೇ ಆಗಿತ್ತು. ನೀನು ಲೆಕ್ಕ ಹಾಕಿಲ್ಲ ಎಂದು ನನ್ನ ಮುಂದೆ ಹೇಳಬೇಡ. ಹೋದ ವರ್ಷದ ತಿಥಿಯಲ್ಲಿ ಅಪ್ಪನ ಫೋಟೋದ ಮುಂದೆ ನೀನು ಎಷ್ಟು ಹೊತ್ತು ನಿಂತಿದ್ದೆ ಎಂಬುದನ್ನು ನಾನು ಕಂಡಿದ್ದೇನೆ.

ಡಾಕ್ಟರು ಒಳ್ಳೆಯ ಮಾತೊಂದು ಹೇಳಿದರು. "ಹೊಲಾ ನಿಮ್ಮಪ್ಪ ಕೊಟ್ಟದ್ದು, ಅದನ್ನ ಬದಲ ಮಾಡಾಕ ಬರೂದಿಲ್ಲ. ಆದರ ಅದರಾಗ ಏನ ಬಿತ್ತೀರಿ ಅನ್ನೂದು ನಿಮ್ಮ ಕೈಯಾಗಿಂದು." ನಾವೇನು ಬಿತ್ತಿದೆವು? ನಾನು ತಂಬಾಕು ತಿಂದವಳಲ್ಲ ಎಂದು ಮೆರೆದೆ, ದಿನಕ್ಕೆರಡು ಸಲ ಮಿಸರಿಯಿಂದ ಹಲ್ಲು ತಿಕ್ಕಿದೆ. ಅದು ಹುರಿದು ಪುಡಿ ಮಾಡಿದ ತಂಬಾಕೇ ಅಲ್ಲವೇ! ನಿನ್ನ ಕತೆ ಇನ್ನೂ ಚೆನ್ನ. ಅಪ್ಪನ ಹದಿಮೂರನೆಯ ದಿನ ಸೋದರಮಾವ ನಿನ್ನ ತಲೆಗೆ ರುಮಾಲು ಸುತ್ತಿದ. ಅಜ್ಜಿ ಅಪ್ಪನ ಎಲೆ-ತಂಬಾಕಿನ ಚಂಚಿಯನ್ನು ತಂದು ನಿನ್ನ ಕೈಗಿಟ್ಟಳು, "ಮನಿ ಯಜಮಾನ ಆದಿ, ಬಾಯಿ ಖಾಲಿ ಇರಬಾರದು" ಎಂದು. ಮೀಸೆ ಚಿಗುರುತ್ತಿದ್ದ ಹುಡುಗ ನೀನು. ಮೊದಲ ಸಲ ತಲೆ ತಿರುಗಿ ವಾಂತಿ ಮಾಡಿಕೊಂಡೆ, ಎಲ್ಲರೂ ನಕ್ಕರು. ಅಪ್ಪನ ರಕ್ತ ಹುಟ್ಟುವಾಗಲೇ ಬಂದಿತ್ತು, ಚಂಚಿಯನ್ನು ನಾವು ಮೆರವಣಿಗೆ ಮಾಡಿ ಕೊಟ್ಟೆವು.

ಅಪ್ಪ ನಾಲ್ಕು ಹೊಲ ಕಾಲಿನಲ್ಲಿ ಅಳೆಯುತ್ತಿದ್ದ, ಅಂಥವನೇ ಉಳಿಯಲಿಲ್ಲ. ನೀನು ಹಿತ್ತಿಲಿನಾಚೆಯ ಕಬ್ಬಿಗೆ ಹೋಗಲೂ ಗಾಡಿಗೆ ಕಿಕ್ ಹೊಡೆಯುತ್ತೀಯ. ಸಕ್ಕರೆ ಫ್ಯಾಕ್ಟರಿಯಿಂದ ಸಭಾಸದರ ಪಾಲಿನ ಸಕ್ಕರೆ ಬಂದಿತೆಂದರೆ ಬಂದವರಿಗೆಲ್ಲ ಚಹಾ, ಎಲ್ಲರ ಜೊತೆಗೂ ನಿನಗೊಂದು ಕಪ್ಪು. ರಾತ್ರಿ ಹತ್ತಕ್ಕೆ ಊಟ, ಅದರ ಮೇಲೆ ಮಿರ್ಚಿ ಭಜಿ. ಬಿಪಿ ನೋಡಿಸು ಎಂದರೆ "ನೋಡಿಸಿದ್ರ ಬರತೈತಿ" ಎನ್ನುತ್ತೀಯ. ನೋಡದೆ ಇದ್ದರೆ ಹಾವು ಹಗ್ಗವಾಗುತ್ತದೆಯೇ?

ನಿನ್ನ ಮಗ ಅಮಿತ ಹೋದ ವಾರ ಬಂದಿದ್ದ. ಮಂಚದ ತುದಿಗೆ ಕೂತು ನಗುತ್ತ ಹೇಳಿದ, "ಅತ್ತಿ, ನಮ್ಮ ಮನ್ಯಾಗ ಹಾಸಿಗಿ ಹಿಡದಾಕಿ ನೀನ ಮೊದಲನೇಕಿ ನೋಡ." ಚೇಷ್ಟೆಗೆ ಹೇಳಿದ್ದು, ನಾನೂ ನಕ್ಕೆ. ಅವನು ಹೋಗುವಾಗ ಬಾಗಿಲಲ್ಲಿ ನಿಂತು ಅಂಗೈಗೆ ತಂಬಾಕಿನ ಪುಡಿ ಸುರಿದುಕೊಂಡು ಹೆಬ್ಬೆರಳಿನಿಂದ ತಿಕ್ಕಿದ. ಆ ಕುತ್ತಿಗೆ ವಾಲಿಸುವ ರೀತಿ, ಎರಡು ಸಲ ಅಂಗೈ ತಟ್ಟುವ ರೀತಿ. ಅಪ್ಪನೇ ನಿಂತಿದ್ದ. ಅವನು ತನ್ನ ಅಜ್ಜನನ್ನು ಕಂಡವನೇ ಅಲ್ಲ, ಕಾಡಸಿದ್ದ!

ಹೌದು, ಹಾಸಿಗೆ ಹಿಡಿದವಳು ನಾನೊಬ್ಬಳೇ. ಉಳಿದವಳೂ ನಾನೊಬ್ಬಳೇ. ಗಂಜಿ ಕುಡಿಸಿಕೊಂಡೆ, ಮೈ ಒರೆಸಿಕೊಂಡೆ, ಸೊಸೆಯ ಮೇಲೆ ಸಿಡುಕಿದೆ. ನಾಚಿಕೆಯಾಯಿತು, ಆದರೆ ಬೆಳಗಾದರೆ ಮತ್ತೆ ಸೂರ್ಯನನ್ನು ಕಂಡೆ. ಸ್ನೇಹಲಳನ್ನು ಕೇಳಲು ಬರುವವರು ರೋಗದ ಮಾತಿಗಿಂತ ಮೊದಲು ಹುಡುಗಿಗೆ ಅಪ್ಪ ಇದ್ದಾನೆಯೇ ಎಂದು ಕೇಳುತ್ತಾರೆ. ಅದಕ್ಕೆ ನೀಲಮ ಏನು ಉತ್ತರ ಹೇಳಬೇಕು?

ಈ ಕಾಗದ ತಂದವರು ನಿಮ್ಮ ಮಾವ. ಚಹಾ ಕುಡಿಯಿರಿ ಎಂದು ಅವರನ್ನು ಒಳಗೆ ಕರೆಯಬೇಡ, ಕರೆದರೂ ಬರುವುದಿಲ್ಲ. ಜೀಪು ಬಂದ್ ಮಾಡದೆ ಬಾಗಿಲಲ್ಲೇ ನಿಂತಿರಿ ಎಂದು ನಾನೇ ಹೇಳಿ ಕಳಿಸಿದ್ದೇನೆ. ಮಿರಜದ ಡಾಕ್ಟರಿಗೆ ಫೋನ್ ಮಾಡಿ ನಿನ್ನ ಬೆವರು, ದವಡೆ ಎಲ್ಲ ಹೇಳಿದೆ. "ಈಗ ಕರಕೊಂಡ ಬರ್ರಿ. ನಡಸಬ್ಯಾಡ್ರಿ, ಗಾಡಿ ಹೊಡಿಯಾಕ ಕೊಡಬ್ಯಾಡ್ರಿ" ಎಂದರು. ಅಂಗಿ ಬದಲಿಸುವುದು ಬೇಡ, ನೀರಿನ ಪಾಳಿ ಅಮಿತ ನೋಡಿಕೊಳ್ಳುತ್ತಾನೆ. ನೀಲಮಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಹೊರಡು.

ತಮ್ಮಾ, ನಮ್ಮ ಮನೆಯ ಕಟ್ಟೆಯ ಮೇಲೆ ಇದುವರೆಗೆ ಒಬ್ಬ ಮುದುಕ ಕೂತಿಲ್ಲ. ಹಲ್ಲು ಬಿದ್ದವನು, ಕೋಲು ಹುಡುಕುವವನು, ಮೊಮ್ಮಕ್ಕಳಿಗೆ ಬೇಸರ ಬರುವಷ್ಟು ಹೇಳಿದ್ದನ್ನೇ ಹೇಳುವವನು ಒಬ್ಬನೂ ಇರಲಿಲ್ಲ. ಚಿಂಚಲಿಯ ದೇವಿ ಮಾಯಕ್ಕ ನಿನ್ನನ್ನು ಆ ಮೊದಲ ಮುದುಕನನ್ನಾಗಿ ಮಾಡಲಿ.

ನಿನ್ನ ದಾರಿ ಕಾಯುವ ಅಕ್ಕ,
ಸೀತವ್ವ